ಲಿಬ್ರಿವಾಕ್ಸ್: ಪುಸ್ತಕ ಆಮೇಲೆ, ಮೊದಲು ದನಿ ಹುಡುಕಿ

ಸ್ವಯಂಸೇವಕರು ಓದಿದ ಹಳೆಯ ಪುಸ್ತಕಗಳನ್ನು ಪುಕ್ಕಟೆ ಕೇಳಿಸುವ ಜಾಲತಾಣ ಲಿಬ್ರಿವಾಕ್ಸ್. ಅದನ್ನು ಬಳಸಲು ಶುರು ಮಾಡಿ ಹಲವು ವರ್ಷಗಳಾದವು. ಮೊದಲು ಬರೀ ಕೇಳುತ್ತಿದ್ದೆ. ಈಗ ಆಗಾಗ ಬೇರೆಯವರ ರೆಕಾರ್ಡಿಂಗ್ ಪರೀಕ್ಷಿಸುವ ಕೆಲಸಕ್ಕೂ ಕೂರುತ್ತೇನೆ. "ಚೆನ್ನಾಗಿದೆಯಾ ಅದು?" ಅಂತ ಯಾರಾದರೂ ಕೇಳಿದರೆ ನಾನು ಹೌದು, ಇಲ್ಲ ಎನ್ನುವುದಿಲ್ಲ. ಯಾರ ದನಿಯಲ್ಲಿ ಕೇಳಿದಿರಿ ಅಂತ ಕೇಳುತ್ತೇನೆ. ಒಂದೇ ಕಾದಂಬರಿ ಒಬ್ಬರ ಓದಿನಲ್ಲಿ ಊಟ ತಿಂಡಿ ಮರೆಸುತ್ತದೆ. ಇನ್ನೊಬ್ಬರ ಓದಿನಲ್ಲಿ ಎರಡನೇ ಅಧ್ಯಾಯ ದಾಟುವುದೂ ಕಷ್ಟ.

ಹೊಸಬರಿಗೆ ಚುಟುಕಾಗಿ ಹೇಳುತ್ತೇನೆ. ಕೆನಡಾದ ಮಾಂಟ್ರಿಯಲ್‌ನ ಹ್ಯೂ ಮೆಕ್‌ಗೈರ್ 2005ರ ಆಗಸ್ಟ್‌ನಲ್ಲಿ ಇದನ್ನು ಶುರು ಮಾಡಿದರು. ಮೊದಲು ಕೈಗೆತ್ತಿಕೊಂಡದ್ದು ಜೋಸೆಫ್ ಕಾನ್ರಾಡ್‌ನ 'ದಿ ಸೀಕ್ರೆಟ್ ಏಜೆಂಟ್'. ಅದರ ಅಧ್ಯಾಯಗಳನ್ನು ಹಲವರು ಹಂಚಿಕೊಂಡು ಓದಿದರು. ಕಾಪಿರೈಟ್ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ತಮ್ಮ ಮನೆಯಲ್ಲೇ ಕೂತು ಓದುತ್ತಾರೆ, ಯಾರು ಬೇಕಾದರೂ ಪುಕ್ಕಟೆ ಕೇಳಬಹುದು. ಪಠ್ಯ ಹೆಚ್ಚಾಗಿ ಹಳೆಯ ಪುಸ್ತಕಗಳ ಉಚಿತ ಡಿಜಿಟಲ್ ಗ್ರಂಥಾಲಯವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಿಂದ ಬರುತ್ತದೆ. ಆಡಿಯೋ ಫೈಲ್‌ಗಳು ಪುಸ್ತಕ, ಧ್ವನಿ ಎಲ್ಲ ಉಳಿಸಿಡುವ ಡಿಜಿಟಲ್ ಸಂಗ್ರಹಾಲಯವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಇರುತ್ತವೆ. ಪಟ್ಟಿಯಲ್ಲಿ ಈಗ 20,000ಕ್ಕೂ ಹೆಚ್ಚು ಪುಸ್ತಕಗಳಿವೆ. ಕೇಳಲು ದುಡ್ಡು ಬೇಡ, ಖಾತೆ ಬೇಡ, ನಡುವೆ ಜಾಹೀರಾತೂ ಇಲ್ಲ.

ಜಾಹೀರಾತು ಬಂತು ಅಂತ ದೂರುವವರನ್ನು ನೋಡಿದ್ದೇನೆ. ಅದು ಬೇರೆಯವರು ಮಾಡಿದ ಆ್ಯಪ್‌ಗಳ ಕಥೆ. ರೆಕಾರ್ಡಿಂಗ್ ಮೇಲೆ ಯಾರ ಹಕ್ಕೂ ಇಲ್ಲವಾದ್ದರಿಂದ ಯಾರು ಬೇಕಾದರೂ ಆ್ಯಪ್ ಮಾಡಬಹುದು, ಜಾಹೀರಾತು ಸೇರಿಸಬಹುದು, ಬೇಕಿದ್ದರೆ ಮಾರಲೂಬಹುದು. ಅದು ಕಾನೂನುಬಾಹಿರವೂ ಅಲ್ಲ. ನಾನೂ ಅಂಥ ಒಂದು ಆ್ಯಪ್ ಹಾಕಿಕೊಂಡಿದ್ದೆ. ಕಥೆ ಬಿಸಿಯಾದ ಕಡೆಯೇ ಜಾಹೀರಾತು ಕೂಗತೊಡಗಿತು, ತೆಗೆದು ಹಾಕಿದೆ. ಈಗ ನೇರವಾಗಿ ಡೌನ್‌ಲೋಡ್ ಮಾಡಿಕೊಂಡು ಫೋನಿನ ಮಾಮೂಲಿ ಪ್ಲೇಯರ್‌ನಲ್ಲೇ ಕೇಳುತ್ತೇನೆ. ಇಡೀ ಪುಸ್ತಕ ಒಂದೇ ಜಿಪ್ ಫೈಲ್ ಆಗಿ ಸಿಗುತ್ತದೆ. 64 ಕಿಲೋಬಿಟ್‌ನ ಎಂಪಿ3 ಆದರೆ ಗಂಟೆಗೆ ಸುಮಾರು 29 ಎಂಬಿ, 128 ಆದರೆ ಅದರ ಎರಡರಷ್ಟು. ಬರೀ ಮಾತು ತಾನೇ, ನನ್ನ ಕಿವಿಗೆ 64 ಧಾರಾಳ ಸಾಕು.

ಈಗ ದನಿಯ ವಿಷಯ. ಇಲ್ಲಿ ಓದಲು ಬರುವವರಿಗೆ ಆಡಿಷನ್ ಇಲ್ಲ. ಒಂದು ನಿಮಿಷದ ಪರೀಕ್ಷಾ ರೆಕಾರ್ಡಿಂಗ್ ಕೇಳುತ್ತಾರೆ, ಅಷ್ಟೇ. ಅದರಲ್ಲಿ ನೋಡುವುದು ಶಬ್ದದ ಮಟ್ಟ, ಹಿನ್ನೆಲೆಯ ಗದ್ದಲ, ಫೈಲ್‌ನ ಸ್ವರೂಪ. ಓದುವ ಶೈಲಿ ಹೇಗಿದೆ, ಭಾವ ಇದೆಯೇ, ಉಚ್ಚಾರ ಯಾವ ಸೀಮೆಯದು ಅಂತ ತಕ್ಕಡಿ ಹಿಡಿಯುವುದಿಲ್ಲ. ಹಾಗಾಗಿ ರಂಗಭೂಮಿಯಲ್ಲಿ ಪಳಗಿದವರೂ ಇದ್ದಾರೆ, ಜೀವನದಲ್ಲಿ ಮೊದಲ ಸಲ ಮೈಕ್ ಮುಂದೆ ಕೂತವರೂ ಇದ್ದಾರೆ. ಇಬ್ಬರ ಹೆಸರೂ ಒಂದೇ ಪಟ್ಟಿಯಲ್ಲಿ, ಪಕ್ಕಪಕ್ಕದಲ್ಲಿ.

ಹಲವರು ಸೇರಿ ಓದಿದ ಪುಸ್ತಕಗಳಲ್ಲಿ ಇದು ಎದ್ದು ಕಾಣುತ್ತದೆ. ಒಂದು ಅಧ್ಯಾಯದಲ್ಲಿ ನಾಯಕಿ ಪಿಸುಮಾತಿನಲ್ಲಿ ಮಾತಾಡುತ್ತಾಳೆ, ಮುಂದಿನದರಲ್ಲಿ ಗಡಸು ಗಂಡುದನಿ. ಪಾತ್ರದ ಹೆಸರನ್ನು ಒಬ್ಬರು ಒಂದು ರೀತಿ, ಇನ್ನೊಬ್ಬರು ಇನ್ನೊಂದು ರೀತಿ ಹೇಳುತ್ತಾರೆ. ಇಬ್ಬರು ಬೇರೆ ಬೇರೆ ಮನುಷ್ಯರೇನೋ ಅನ್ನಿಸಿಬಿಡುತ್ತದೆ. ಪಾತ್ರಕ್ಕೊಬ್ಬರು ಓದುವ ನಾಟಕದ ರೆಕಾರ್ಡಿಂಗ್‌ಗಳಲ್ಲಿ ಇನ್ನೊಂದು ತಮಾಷೆ ಇದೆ. ಪ್ರತಿಯೊಬ್ಬರೂ ತಮ್ಮ ಕೋಣೆಯಲ್ಲಿ ತಮ್ಮ ಮಾತುಗಳನ್ನಷ್ಟೇ ಹೇಳಿ ಕಳಿಸುತ್ತಾರೆ. ಆಮೇಲೆ ಯಾರೋ ಒಬ್ಬರು ಕೂತು ಅದನ್ನೆಲ್ಲ ಜೋಡಿಸುತ್ತಾರೆ. ಪ್ರೇಮಿಗಳಿಬ್ಬರು ಎದುರುಬದುರು ಮಾತಾಡುವಾಗ ಒಬ್ಬರ ಕೋಣೆ ಗುಂಯ್ ಅನ್ನುತ್ತಿರುತ್ತದೆ, ಇನ್ನೊಬ್ಬರದು ಗಪ್‌ಚುಪ್. ಆ ಜೋಡಿಸುವವರ ತಾಳ್ಮೆಗೆ ಮಾತ್ರ ದೊಡ್ಡ ನಮಸ್ಕಾರ.

ಇದಕ್ಕೆ ನಾನು ಕಂಡುಕೊಂಡ ದಾರಿ ಸರಳ. ಪುಸ್ತಕದ ಹೆಸರು ಹಾಕಿ ಹುಡುಕುವುದನ್ನು ಬಿಟ್ಟೆ. ಓದಿದವರ ಹೆಸರು ಹಿಡಿದು ಹುಡುಕುತ್ತೇನೆ. ಪ್ರತಿಯೊಬ್ಬರಿಗೂ ಒಂದು ಪುಟ ಇದೆ. ಅವರು ಓದಿದ್ದೆಲ್ಲ ಅಲ್ಲಿ ಸಿಗುತ್ತದೆ. ಒಂದು ದನಿ ಹಿಡಿಸಿತೋ, ಅವರು ಓದಿದ ಮುಂದಿನ ಪುಸ್ತಕಕ್ಕೆ ಹೋಗುತ್ತೇನೆ, ವಿಷಯ ಏನೇ ಇರಲಿ. ಹಳೆಯ ಪ್ರವಾಸ ಕಥನಗಳು, ಜೇನುಹುಳದ ಮೇಲಿನ ಪುಸ್ತಕ, ಯಾರೂ ಮುಟ್ಟದ ಪತ್ತೇದಾರಿ ಕಥೆಗಳು, ಹೀಗೆ ನಾನಾಗಿ ಎಂದೂ ಆರಿಸದವನ್ನೆಲ್ಲ ಕೇಳಿದ್ದೇನೆ. ಹುಡುಕಾಟದಲ್ಲಿ ಒಬ್ಬರೇ ಓದಿದ್ದು ಬೇಕೋ, ಗುಂಪಿನದು ಬೇಕೋ ಅಂತ ಆರಿಸುವ ಸೌಕರ್ಯವೂ ಇದೆ. ಹೊಸಬರು ಅದನ್ನು ಗಮನಿಸುವುದೇ ಇಲ್ಲ.

ಇನ್ನೊಂದು ಅನುಕೂಲ ಇದೆ. ಒಬ್ಬರು ಓದಿದ ಪುಸ್ತಕವನ್ನು ಬೇರೆಯವರು ಮತ್ತೆ ಓದಲು ಅಡ್ಡಿಯಿಲ್ಲ. ಜೇನ್ ಆಸ್ಟಿನ್‌ಳ 'ಪ್ರೈಡ್ ಅಂಡ್ ಪ್ರೆಜುಡಿಸ್' ಹಲವು ಆವೃತ್ತಿಗಳಲ್ಲಿ ಸಿಗುತ್ತದೆ. ಒಂದು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಬಹುದು. ಲಿಬ್ರಿವಾಕ್ಸ್‌ನ ಪಟ್ಟಿಯಲ್ಲಿ ರೇಟಿಂಗ್ ಇಲ್ಲ. ಇಂಟರ್ನೆಟ್ ಆರ್ಕೈವ್‌ನಲ್ಲಿ ಅದೇ ಪುಸ್ತಕದ ಪುಟ ತೆರೆದರೆ ಕೇಳಿದವರ ಅಭಿಪ್ರಾಯ, ನಕ್ಷತ್ರ ಎಲ್ಲ ಇರುತ್ತದೆ. ಅಲ್ಲಿ ಕೆಲವರು ಬೈದಿರುವ ರೀತಿ ನೋಡಿದರೆ ಇವರು ದುಡ್ಡು ಕೊಟ್ಟು ಕೊಂಡಿದ್ದಾರೇನೋ ಅನ್ನಬೇಕು.

"ಒಂದಿಷ್ಟು ಗುಣಮಟ್ಟ ನೋಡಿ ಆರಿಸಬಾರದೇ?" ಅನ್ನುವ ವಾದ ಹಳೆಯದು. ನಾನು ಒಪ್ಪುವುದಿಲ್ಲ. ಆರಿಸಲು ಕೂತಿದ್ದರೆ ಜನಪ್ರಿಯ ಕಾದಂಬರಿಗಳು ಹೇಗೋ ಬಂದಿರುತ್ತಿದ್ದವು. ಮರೆತುಹೋದ ಲೇಖಕರನ್ನು, ನೂರು ವರ್ಷ ಹಿಂದಿನ ಅಡುಗೆ ಕೈಪಿಡಿಗಳನ್ನು ಓದಲು ಯಾರು ಬರುತ್ತಿದ್ದರು? ಅವನ್ನು ಓದುವುದು ಆ ವಿಷಯದ ಹುಚ್ಚು ಹಿಡಿದವರು. ಅವರ ದನಿ ಚೆನ್ನಾಗಿರಲೇಬೇಕೆಂದಿಲ್ಲ. ಆದರೆ ಆ ಪುಸ್ತಕಕ್ಕೆ ಬೇರೆ ದನಿಯೇ ಇಲ್ಲ.

ಹಾಗಂತ ಏನು ಕಳಿಸಿದರೂ ನಡೆಯುತ್ತದೆ ಅಂತಲ್ಲ. ಪರೀಕ್ಷಿಸುವ ಕಡೆ ಕೂತ ಮೇಲೆ ನನಗೆ ಅದು ಗೊತ್ತಾದದ್ದು. ಪ್ರತಿ ಅಧ್ಯಾಯವನ್ನೂ ಓದಿದವರಲ್ಲದೆ ಇನ್ನೊಬ್ಬರು ಮೊದಲಿನಿಂದ ಕೊನೆಯವರೆಗೆ ಕೇಳಲೇಬೇಕು. ಒಂದು ವಾಕ್ಯ ಎರಡು ಸಲ ಬಂದಿದೆಯೇ, ನಡುವೆ ಉದ್ದದ ಮೌನ ಇದೆಯೇ, ಏನಾದರೂ ಬಿದ್ದ ಸದ್ದು ಉಳಿದಿದೆಯೇ ಅಂತ ನೋಡಿ, ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡ್ ಎಂದು ಬರೆದು ಕಳಿಸಬೇಕು. ದನಿಯ ಮಟ್ಟ ಸುಮಾರು 89 ಡೆಸಿಬೆಲ್ ಇರಬೇಕು. ಕೆಲವು ಪುಸ್ತಕಗಳಿಗೆ ಪದಪದವೂ ಸರಿಯಿರಬೇಕು ಅನ್ನುವ ನಿಯಮ ಇರುತ್ತದೆ. ಅಲ್ಲಿ ಪಠ್ಯ ಮುಂದಿಟ್ಟುಕೊಂಡೇ ಕೇಳಬೇಕು. ಓದುವವರು ಮಾತು ಬದಲಿಸುವಂತಿಲ್ಲ. ಮುಜುಗರ ತರುವ ಹಳೆಯ ಕಾಲದ ಪದ ಇದ್ದರೂ ಇದ್ದ ಹಾಗೇ ಓದಬೇಕು. ಆದರೆ "ನಿಮ್ಮ ಓದು ಸಪ್ಪೆ" ಅಂತ ನಾನು ಬರೆಯುವ ಹಾಗಿಲ್ಲ. ಅವರಾಗಿಯೇ ಕೇಳಿದರೆ ಮಾತ್ರ. ಶುರುವಿನಲ್ಲಿ ಇದು ನನಗೆ ಇರುಸುಮುರುಸು ಅನ್ನಿಸಿತ್ತು. ಅದೇ ಜನ ನಾಲ್ಕಾರು ಪುಸ್ತಕ ಮುಗಿಸುವಷ್ಟರಲ್ಲಿ ಹೇಗೆ ಪಳಗುತ್ತಾರೆ ಅಂತ ಕೇಳಿಸಿಕೊಂಡ ಮೇಲೆ ಸರಿ ಅನ್ನಿಸಿತು.

ಇನ್ನು ಕಿರಿಕಿರಿಗಳು. ಪ್ರತಿ ಅಧ್ಯಾಯದ ಮೊದಲಲ್ಲೂ ಇದು ಲಿಬ್ರಿವಾಕ್ಸ್ ರೆಕಾರ್ಡಿಂಗ್, ಇದಕ್ಕೆ ಯಾರ ಹಕ್ಕೂ ಇಲ್ಲ ಎಂಬ ಘೋಷಣೆ ಬರುತ್ತದೆ. ಮುಂದಿನ ಅಧ್ಯಾಯಗಳಲ್ಲಿ ಚಿಕ್ಕದಾಗಿರುವುದುಂಟು, ಆದರೂ ಬರುತ್ತದೆ. 'ಮೋಬಿ ಡಿಕ್'‌ನಂಥ 135 ಅಧ್ಯಾಯಗಳ ಕಾದಂಬರಿಯಲ್ಲಿ ಅದು ಮಂತ್ರದ ಹಾಗೆ ಬಾಯಿಪಾಠ ಆಗಿಬಿಡುತ್ತದೆ.

ಹೊಸ ಪುಸ್ತಕ ಇಲ್ಲಿ ಸಿಗುವುದಿಲ್ಲ, ಆ ಆಸೆ ಬೇಡ. ಅಮೆರಿಕದ ಕಾಪಿರೈಟ್ ಲೆಕ್ಕದಲ್ಲಿ ಪ್ರಕಟವಾಗಿ 95 ವರ್ಷ ತುಂಬಿದ ಪುಸ್ತಕಗಳಿಗೆ ಪ್ರತಿ ಜನವರಿ 1ರಂದು ಬಿಡುಗಡೆ. 1929ರ ಪುಸ್ತಕಗಳು ಅಲ್ಲಿ 2025ರಲ್ಲಿ ಮುಕ್ತವಾದವು. ಬೇರೆ ಎಷ್ಟೋ ದೇಶಗಳಲ್ಲಿ ಲೇಖಕರು ತೀರಿಕೊಂಡ ವರ್ಷದಿಂದ 50, 60 ಅಥವಾ 70 ವರ್ಷ ಎಣಿಸುತ್ತಾರೆ. ಹಾಗಾಗಿ ಡೌನ್‌ಲೋಡ್ ಮಾಡುವ ಮೊದಲು ನಿಮ್ಮ ದೇಶದ ಕಾನೂನು ನೋಡಿಕೊಳ್ಳಿ. ಇದರಿಂದ ಇನ್ನೊಂದು ತೊಡಕೂ ಇದೆ. ಅನುವಾದಕ್ಕೂ ಅದರದೇ ಕಾಪಿರೈಟ್ ಇರುತ್ತದೆ. ರಷ್ಯನ್, ಫ್ರೆಂಚ್ ಕಾದಂಬರಿಗಳನ್ನು ಇಂಗ್ಲಿಷ್‌ನಲ್ಲಿ ಕೇಳಿದರೆ ಸಿಗುವುದು ಆ ಹಳೆಯ ಕಾಲದ ಅನುವಾದವೇ. ವಾಕ್ಯಗಳು ಉದ್ದುದ್ದ, ಮಾತು ಗಂಭೀರ. ಕಣ್ಣಲ್ಲಿ ಓದುವಾಗ ಒಪ್ಪುವ ಆ ವಾಕ್ಯ ಕಿವಿಗೆ ಬಿದ್ದಾಗ ಎಲ್ಲಿ ಶುರುವಾಯಿತು ಅಂತಲೇ ಮರೆತುಹೋಗುತ್ತದೆ. ಅಂಥವಕ್ಕೆ ನಿಧಾನ ಓದುವವರನ್ನೇ ಹುಡುಕಿ.

ಯಂತ್ರದ ದನಿಗೆ ಇಲ್ಲಿ ಜಾಗ ಇಲ್ಲ, ಮನುಷ್ಯರೇ ಓದಬೇಕು. ಈಗಿನ ಯಂತ್ರದ ದನಿಗಳು ಎಡವದೆ, ಕೆಮ್ಮದೆ, ಚೊಕ್ಕವಾಗಿ ಓದುತ್ತವೆ. ಗಣಿತದ ಪುಸ್ತಕಕ್ಕೆ ನನಗೂ ಅದೇ ಸಾಕು. ಆದರೆ ನಗು ಬರುವ ಸಾಲಿಗೆ ಸ್ವಲ್ಪ ಮೊದಲೇ ಓದುವವರ ದನಿ ಅಲುಗುತ್ತದಲ್ಲ, ಅದಕ್ಕಾಗಿ ನಾನು ಇಲ್ಲಿಗೆ ಬರುತ್ತೇನೆ.

ಭಾಷೆಗಳ ವಿಷಯದಲ್ಲಿ ಸಮತೋಲನ ಕೇಳಬೇಡಿ. ಹತ್ತಾರು ಭಾಷೆಗಳಿವೆ ನಿಜ, ಆದರೆ ರಾಶಿ ಇಂಗ್ಲಿಷ್‌ನದು. ಜರ್ಮನ್, ಫ್ರೆಂಚ್, ಡಚ್, ಸ್ಪ್ಯಾನಿಷ್‌ನಲ್ಲಿ ಒಳ್ಳೆಯ ಸಂಗ್ರಹ ಇದೆ. ನಮ್ಮ ಕಡೆಯ ಭಾಷೆಗಳವು ತುಂಬಾ ಕಡಿಮೆ. ಇಡೀ ಪುಸ್ತಕ ಓದಲು ಆಗದವರಿಗೆ ಹಲವು ಭಾಷೆಗಳ ಕವಿತೆಗಳನ್ನು, ಸಣ್ಣ ಬರಹಗಳನ್ನು ಒಟ್ಟು ಮಾಡಿದ ಸಂಕಲನಗಳಿವೆ. ಐದು ನಿಮಿಷದ ಓದಿಗೂ ಅಲ್ಲಿ ಜಾಗ ಸಿಗುತ್ತದೆ. ಸಣ್ಣ ಭಾಷೆಗಳ ಕೆಲಸ ನಿಂತುಹೋಗಲು ಮುಖ್ಯ ಕಾರಣ ಎರಡು. ಒಂದು, ಕಾಪಿರೈಟ್ ಮುಗಿದದ್ದು ಅಂತ ಖಚಿತವಾಗಿ ತೋರಿಸಬಲ್ಲ ಪಠ್ಯ ಇಂಟರ್ನೆಟ್‌ನಲ್ಲಿ ಇರಬೇಕು. ಎರಡು, ಅದೇ ಭಾಷೆ ಬಲ್ಲ ಇನ್ನೊಬ್ಬರು ಕೂತು ಕೇಳಿ ತಪ್ಪು ಗುರುತು ಮಾಡಬೇಕು. ಓದುತ್ತೇನೆ ಅನ್ನುವವರು ಹೇಗಾದರೂ ಒಬ್ಬರು ಸಿಗುತ್ತಾರೆ. ಆ ಎರಡನೆಯವರು ಸಿಗದೆ ಕೆಲಸ ತಿಂಗಳುಗಟ್ಟಲೆ ಕಾಯುವುದುಂಟು. ಮೈಕ್ ಮುಂದೆ ಕೂರಲು ಸಂಕೋಚ ಇದ್ದವರು ಈ ಕೇಳಿ ತಪ್ಪು ಗುರುತಿಸುವ ಕೆಲಸದಿಂದಲೇ ಶುರು ಮಾಡಬಹುದು. ಅದಕ್ಕೆ ಪರೀಕ್ಷೆ ಇಲ್ಲ, ಸಲಕರಣೆಯೂ ಬೇಡ, ಒಂದು ಹೆಡ್‌ಫೋನ್ ಇದ್ದರೆ ಆಯಿತು.