ಬನ್ನೂರು ರಸ್ತೆಯ ಕುದುರೆ ಕ್ಲಬ್ಬು: ಹೆಲ್ಮೆಟ್ ಮಾತ್ರ ನಿಮ್ಮದೇ ತಗೊಂಡು ಹೋಗಿ

ಮಗಳು ಕುದುರೆ ಸವಾರಿ ಕಲಿಯುವ ಜಾಗಕ್ಕೆ ನನ್ನ ಅಂಕ ಐದಕ್ಕೆ ಮೂರೂವರೆ. ಕುದುರೆಗಳಿಗೆ ಐದು, ಮೇಷ್ಟ್ರಿಗೆ ಐದು, ಹೆಲ್ಮೆಟ್ಟಿಗೆ ಒಂದು, ಫೋನ್ ಎತ್ತುವುದಕ್ಕೆ ಸೊನ್ನೆ. ಕೂಡಿ ಭಾಗಿಸಿದರೆ ಮೂರೂವರೆ ಬರುವುದಿಲ್ಲ, ಗೊತ್ತು. ಮಗಳು ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ, ಇದಕ್ಕಿಂತ ಕೆಳಗೆ ಇಳಿಯಲು ಬಿಡುತ್ತಿಲ್ಲ.

ಹೆಸರು ಬರೆಯುವುದಿಲ್ಲ. ದೂರುಗಳೂ ಇವೆ, ಆರು ಕುದುರೆ ಸಾಕಲು ಒದ್ದಾಡುತ್ತಿರುವವರ ಹೊಟ್ಟೆ ಮೇಲೆ ಹೊಡೆಯುವ ಆಸೆ ನನಗಿಲ್ಲ. ಮೈಸೂರಿನಿಂದ ಬನ್ನೂರು ಕಡೆ ಹೋಗುವಾಗ ಕಬ್ಬಿನ ಗದ್ದೆಗಳ ನಡುವೆ ಒಂದು ಮಣ್ಣಿನ ದಾರಿ ಒಳಗೆ ತಿರುಗುತ್ತದೆ. ಟೀ ಅಂಗಡಿಯಲ್ಲಿ "ಕುದ್ರೆ ತೋಟ ಎಲ್ಲಿ" ಅಂದರೆ ತೋರಿಸುತ್ತಾರೆ.

ನನಗೆ ಕುದುರೆ ವಿಷಯ ಮಾತಾಡಲು ಏನು ಅಧಿಕಾರ ಅಂತ ಕೇಳಬಹುದು. ಸವಾರಿ ನನಗೆ ಬರುವುದಿಲ್ಲ. ಆದರೆ ಒಂದು ಕುದುರೆ ಕ್ಲಬ್ಬಿಗೆ ಒಂದು ವರ್ಷ ಖಜಾಂಚಿ ಆಗಿದ್ದೆ, ಅದೂ ಆಸ್ಟ್ರೇಲಿಯಾದಲ್ಲಿ. ಹೆಂಡತಿಗೆ ವಿಕ್ಟೋರಿಯಾ ರಾಜ್ಯದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿ ಮೂರು ವರ್ಷ ಅಲ್ಲಿದ್ದೆವು. ಸುತ್ತ ಗೋಧಿ ಹೊಲ, ಕುರಿ, ಮತ್ತೆ ಗೋಧಿ ಹೊಲ. ಭಾನುವಾರ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂಬ ಪ್ರಶ್ನೆಗೆ ಆ ಊರಲ್ಲಿದ್ದ ಉತ್ತರ ಪೋನಿ ಕ್ಲಬ್, ಅಂದರೆ ಮಕ್ಕಳು ಕುದುರೆ ಸವಾರಿ ಕಲಿಯುವ ಕೂಟ. ಇದು 1929ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು, ಹತ್ತು ವರ್ಷದಲ್ಲಿ ಆಸ್ಟ್ರೇಲಿಯಾಕ್ಕೂ ಬಂತು. ಈಗ ಅಲ್ಲಿ ಹಳ್ಳಿಗಾಡಿನಲ್ಲಿ ಎಲ್ಲಿ ನೋಡಿದರೂ ಇದೆ. ಹೆಸರಲ್ಲಿ ಕ್ಲಬ್ ಇದ್ದರೂ ನಮ್ಮಲ್ಲಿಯ ಕ್ಲಬ್ಬುಗಳ ಹಾಗೆ ಸೋಫಾ, ಬಾರು, ಕೋಟು ಹಾಕಿದ ವೇಟರು ಎಲ್ಲ ಇಲ್ಲ. ಬೇಲಿ ಹಾಕಿದ ಒಂದು ಮೈದಾನ, ತಗಡಿನ ಶೆಡ್ಡು, ನೀರಿನ ಟ್ಯಾಂಕು, ಒಂದು ಟಾಯ್ಲೆಟ್ಟು. ಸಂಬಳದ ನೌಕರ ಒಬ್ಬನೂ ಇಲ್ಲ. ಹುಲ್ಲು ಕತ್ತರಿಸುವುದರಿಂದ ಹಿಡಿದು ಪಾಠ ಹೇಳುವವರೆಗೆ ಎಲ್ಲ ಅಪ್ಪ ಅಮ್ಮಂದಿರೇ.

ಅಲ್ಲಿ ಪ್ರತಿ ಮಗುವೂ ತನ್ನ ಕುದುರೆಯನ್ನೇ ತರಬೇಕು. ಕಾರಿನ ಹಿಂದೆ ಫ್ಲೋಟ್ ಅನ್ನುವ ಗಾಡಿ ಕಟ್ಟಿ ಅದರಲ್ಲಿ ಕುದುರೆ ನಿಲ್ಲಿಸಿಕೊಂಡು ಬರುತ್ತಾರೆ. ನಮಗೆಲ್ಲಿಯ ಕುದುರೆ? ಪಕ್ಕದ ಹೊಲದವರು ಅವರ ಮಕ್ಕಳು ದೊಡ್ಡವರಾಗಿ ಬಿಟ್ಟುಹೋದ ಒಂದು ಮುದಿ ಪೋನಿಯನ್ನು ಕೊಟ್ಟರು. ಬಾಡಿಗೆ ಏನೂ ಬೇಡ, ಲಾಳದವನ ಖರ್ಚು ನೋಡಿಕೊಂಡರೆ ಸಾಕು ಅಂದರು. ಎರಡನೇ ವರ್ಷದ ವಾರ್ಷಿಕ ಸಭೆಯಲ್ಲಿ ಖಜಾಂಚಿ ಯಾರಾಗುತ್ತೀರಿ ಅಂದಾಗ ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ನಾನು ತಲೆ ಎತ್ತಿದ್ದೇ ತಪ್ಪಾಯಿತು. ಇಂಡಿಯಾದವನು, ಲೆಕ್ಕ ಚೆನ್ನಾಗಿ ಬರುತ್ತೆ ಅಂತ ಕೂಡಲೇ ಚಪ್ಪಾಳೆ. ಆಮೇಲೆ ಹಾರ್ಡ್‌ವೇರ್ ಅಂಗಡಿ ಮುಂದೆ ಸಾಸೇಜು ಸುಟ್ಟು ಬ್ರೆಡ್ಡಿನಲ್ಲಿಟ್ಟು ಮಾರಿ ಕ್ಲಬ್ಬಿಗೆ ದುಡ್ಡು ಸೇರಿಸುವ ಕೆಲಸ. ನಾನು ಸಸ್ಯಾಹಾರಿ, ಹಾಗಾಗಿ ಈರುಳ್ಳಿ ಹುರಿಯುವ ಡಿಪಾರ್ಟ್‌ಮೆಂಟು.

ಮಾವನವರ ಆರೋಗ್ಯ ಸರಿಯಿಲ್ಲ ಅಂತ ವಾಪಸ್ ಬಂದೆವು. ಬಂದ ತಿಂಗಳಿಂದ ಮಗಳದು ಒಂದೇ ರಾಗ, ಕುದುರೆ ಕುದುರೆ. ಹುಡುಕಿ ಹುಡುಕಿ ಈ ಜಾಗ ಸಿಕ್ಕಿತು.

ನಡೆಸುವವರು ಪೊಲೀಸ್ ಅಶ್ವದಳದಿಂದ ನಿವೃತ್ತರಾದವರು. ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ವರ್ಷಗಟ್ಟಲೆ ಕುದುರೆ ಮೇಲೆ ಕೂತಿದ್ದವರು. ಸಣಕಲು ಆಳು, ದೊಡ್ಡ ಮೀಸೆ, ಮಕ್ಕಳೆಲ್ಲ ಮೇಷ್ಟ್ರೇ ಅಂತಲೇ ಕರೆಯುತ್ತಾರೆ. ಅವರ ಹೆಂಡತಿ ಫೀಸು, ಚೀಟಿ, ಮಜ್ಜಿಗೆ ನೋಡಿಕೊಳ್ಳುತ್ತಾರೆ. ಲಾಯದಲ್ಲಿ ಕುದುರೆ ನೋಡಿಕೊಳ್ಳಲು ಒಬ್ಬ ಸೈಸು. ಇಷ್ಟೇ ಜನ. ಕುದುರೆ ಆರು: ರೇಸಿನಿಂದ ರಿಟೈರ್ ಆದ ಎರಡು, ಕಿವಿ ಒಳಗೆ ಬಾಗಿ ತುದಿ ಒಂದಕ್ಕೊಂದು ತಾಗುವ ಮಾರ್ವಾಡಿ ಕುದುರೆ ಒಂದು, ಮಕ್ಕಳಿಗೆ ಅಂತ ಮೂರು ಕುಳ್ಳನೆಯ ತಟ್ಟುಗಳು. ರೇಸಿನ ಕುದುರೆ ಮೇಲೆ ಹೊಸಬರನ್ನು ಹತ್ತಿಸುವುದೇ ಇಲ್ಲ. ಅತ್ತರೂ ಇಲ್ಲ, ಜಾಸ್ತಿ ದುಡ್ಡು ಕೊಡುತ್ತೇನೆ ಅಂದರೂ ಇಲ್ಲ. ಇದು ನನಗೆ ಹಿಡಿಸಿದ ಮೊದಲ ವಿಷಯ.

ಎರಡನೆಯದು, ಮೊದಲ ದಿನ ಸವಾರಿಯೇ ಇಲ್ಲ. ಒಂದು ಗಂಟೆಗೆ ಆರುನೂರು ಕೊಟ್ಟು ಬಂದು ಮಗಳು ಕುದುರೆಗೆ ಬ್ರಷ್ ಹಾಕಿದ್ದು, ಗೊರಸು ಎತ್ತಿ ಮಣ್ಣು ಕೆರೆದಿದ್ದು, ಲದ್ದಿ ಬಳಿದಿದ್ದು ಅಷ್ಟೇ. ನಮ್ಮ ಜೊತೆಗೇ ಸೇರಿದ ಒಬ್ಬರು "ಇದಕ್ಕೆಲ್ಲಾ ದುಡ್ಡು ಕೊಡಬೇಕಾ" ಅಂತ ಗೊಣಗಿ ಎರಡನೇ ವಾರದಿಂದ ಬರಲಿಲ್ಲ. ನನಗಂತೂ ವಿಕ್ಟೋರಿಯಾದ ಮೈದಾನಕ್ಕೇ ವಾಪಸ್ ಹೋದ ಹಾಗಾಯಿತು. ಅಲ್ಲಿ ಡಿ, ಸಿ, ಬಿ, ಎ ಅಂತ ಮಟ್ಟಗಳಿವೆ, ಡಿ ಇಂದ ಮೇಲೆ ಹತ್ತಬೇಕು. ಕೆಳಗಿನ ಮಟ್ಟದಲ್ಲೂ ಸುಮ್ನೆ ಓಡಿಸಿ ತೋರಿಸಿದರೆ ಪಾಸ್ ಮಾಡುವುದಿಲ್ಲ, ಕುದುರೆ ಹತ್ತಿರ ಹೇಗೆ ಹೋಗಬೇಕು, ಏನು ತಿನ್ನಿಸಬೇಕು ಎಲ್ಲ ಹೇಳಬೇಕು.

ಮೇಷ್ಟ್ರು ಮಗಳನ್ನು ಕೇಳಿದರು, "ಕಂದಾ, ಕುದ್ರೆ ಹಿಂದ್ಗಡೆಯಿಂದ ದಾಟ್ಬೇಕು, ಹೆಂಗ್ ದಾಟ್ತೀಯಾ?"

"ಮಾತಾಡ್ತಾ, ಬೆನ್ನ ಮೇಲೆ ಕೈ ಇಟ್ಕೊಂಡೇ ಹೋಗ್ತೀನಿ. ಹಿಂದೆ ಅದಕ್ಕೆ ಕಾಣಲ್ಲ ಅಲ್ವಾ."

"ಯಾರವ್ವಾ ನಿಂಗೆ ಹೇಳ್ಕೊಟ್ಟೋರು?" ಅಂತ ಮೀಸೆ ಕೆಳಗೇ ನಕ್ಕರು. ಅವತ್ತಿನಿಂದ ಇವಳು ಅವರ ಪಟ್ಟದ ಶಿಷ್ಯೆ.

ಈಗ ಬೈಗುಳ. ಲಾಯದ ಗೋಡೆಗೆ ಐದು ಹೆಲ್ಮೆಟ್ ನೇತುಹಾಕಿದ್ದಾರೆ. ಎರಡು ಸೈಕಲ್ಲಿನವು. ಒಂದಕ್ಕೆ ಗಲ್ಲದ ಪಟ್ಟಿಯ ಕೊಕ್ಕೆ ಮುರಿದು ಹುರಿ ಕಟ್ಟಿದ್ದಾರೆ. ಇದು ತಮಾಷೆಯ ವಿಷಯ ಅಲ್ಲ. ಆಸ್ಟ್ರೇಲಿಯಾದಲ್ಲಿ ಭಾನುವಾರ ಬೆಳಿಗ್ಗೆ ಕುದುರೆ ಹತ್ತುವ ಮೊದಲು ಒಬ್ಬರು ಸಾಲಾಗಿ ನಿಲ್ಲಿಸಿ ಎಲ್ಲ ನೋಡುತ್ತಿದ್ದರು: ಹೆಲ್ಮೆಟ್ ಒಳಗಿನ ಚೀಟಿ, ಜೀನಿನ ಹೊಲಿಗೆ, ಹೊಟ್ಟೆ ಪಟ್ಟಿ, ಲಗಾಮು, ಬೂಟಿನ ಹಿಮ್ಮಡಿ. ಚೀಟಿಯಲ್ಲಿ ಕುದುರೆ ಸವಾರಿಯದೇ ಗುಣಮಟ್ಟದ ನಂಬರ್ ಇಲ್ಲದಿದ್ದರೆ ಅವತ್ತು ಆ ಮಗು ಬೇಲಿ ಹೊರಗೆ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಬಿರುಕು ಕಾಣದಿದ್ದರೂ ಬದಲಾಯಿಸಬೇಕು, ಒಳಗಿನ ಫೋಮ್ ಕುಸಿದಿರುತ್ತದೆ. ಇಲ್ಲಿ ಕೇಳಿದರೆ ಮೇಷ್ಟ್ರು "ನಮ್ ತಟ್ಟು ಬೀಳ್ಸಲ್ಲ ಸಾರ್" ಅಂದರು. ಮೇಷ್ಟ್ರ ಮೇಲೆ ಎಷ್ಟೇ ಗೌರವ ಇದ್ದರೂ ಈ ಮಾತು ನಾನು ಒಪ್ಪುವುದಿಲ್ಲ.

ಮೂರನೇ ವಾರ ಬೀಳಿಸಿತು. ತಪ್ಪು ತಟ್ಟುವಿನದಲ್ಲ. ಜೀನು ಬಿಗಿಯುವಾಗ ಕೆಲವು ಕುದುರೆಗಳು ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ, ನಾಲ್ಕು ಹೆಜ್ಜೆ ನಡೆದ ಮೇಲೆ ಪಟ್ಟಿ ಸಡಿಲ ಆಗುತ್ತದೆ. ಅದಕ್ಕೇ ಒಂದು ಸುತ್ತು ನಡೆಸಿ ಮತ್ತೆ ಬಿಗಿಯಬೇಕು. ಅವತ್ತು ಸೈಸು ರಜೆ, ಮೇಷ್ಟ್ರು ಇನ್ನೊಂದು ಮಗುವಿನ ಹಿಂದೆ, ಯಾರೂ ಬಿಗಿಯಲಿಲ್ಲ. ಕುದುರೆ ನಡಿಗೆ ಬಿಟ್ಟು ಓಟಕ್ಕೆ ಬಂದ ಕೂಡಲೇ ಜೀನು ಪಕ್ಕಕ್ಕೆ ಜಾರಿ ಒಬ್ಬ ಹುಡುಗ ಮರಳಿನ ಮೇಲೆ ಬಿದ್ದ. ಮೊಣಕೈ ತರಚಿತು, ಅಷ್ಟೇ. ಆದರೆ ಅವನ ಸ್ಪೋರ್ಟ್ಸ್ ಶೂ ಜೀನಿನ ಪಕ್ಕ ಕಾಲಿಡುವ ರಿಕಾಪಿನೊಳಗೆ ಒಂದು ಕ್ಷಣ ಸಿಕ್ಕಿಕೊಂಡಿತ್ತು, ಅದನ್ನು ನೋಡಿ ನನ್ನ ಜೀವ ಬಾಯಿಗೆ ಬಂತು. ಕಾಲು ಸಿಕ್ಕಿಕೊಂಡು ಕುದುರೆ ಓಡಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಹಿಮ್ಮಡಿ ಇರುವ, ಅಡಿ ನುಣ್ಣಗಿರುವ ಶೂ ಹಾಕಿಸಿ. ಹಿಮ್ಮಡಿ ಇದ್ದರೆ ಪಾದ ಆಚೆ ಕಡೆಗೆ ನುಗ್ಗುವುದಿಲ್ಲ, ಅಡಿ ನುಣ್ಣಗಿದ್ದರೆ ಬಿದ್ದಾಗ ಸಲೀಸಾಗಿ ಕಳಚಿಕೊಳ್ಳುತ್ತದೆ. ರಿಕಾಪು ಕೂಡ ಶೂಗಿಂತ ಬೆರಳಗಲ ದೊಡ್ಡದಿರಬೇಕು.

ಅವತ್ತು ಮೇಷ್ಟ್ರು ನೆಪ ಹೇಳಲಿಲ್ಲ. ಹುಡುಗನ ಅಮ್ಮನ ಮುಂದೆ "ತಪ್ಪು ನಂದೇ ಕಣವ್ವಾ" ಅಂದರು. ಮುಂದಿನ ವಾರದಿಂದ ಪಟ್ಟಿ ಎರಡು ಸಲ ನೋಡುತ್ತಿದ್ದಾರೆ. ಹೆಲ್ಮೆಟ್ ಮಾತ್ರ ಇನ್ನೂ ಅದೇ ಐದು.

ಇನ್ನು ಮದುವೆ ವಿಷಯ. ಮುಹೂರ್ತಗಳು ಜಾಸ್ತಿ ಇರುವ ತಿಂಗಳಲ್ಲಿ ಸೇರುವವರು ಯೋಚನೆ ಮಾಡಿ ಸೇರಿ. ಎರಡು ಸಲ ನಾವು ಬೆಳಿಗ್ಗೆ ಐದೂವರೆಗೆ ಎದ್ದು, ನಿದ್ದೆಗಣ್ಣಲ್ಲಿ ಗಾಡಿ ಓಡಿಸಿಕೊಂಡು ಹೋದರೆ ಕ್ಲಾಸೇ ಇಲ್ಲ. ಮಾರ್ವಾಡಿ ಕುದುರೆ ದಿಬ್ಬಣಕ್ಕೆ, ಒಂದು ತಟ್ಟು ಯಾರದೋ ಫೋಟೋ ಶೂಟಿಂಗಿಗೆ. ಉಳಿದವು ಹಿಂದಿನ ರಾತ್ರಿ ಕೆಲಸ ಮಾಡಿ ಬಂದಿವೆ, ಇವತ್ತು ರೆಸ್ಟು. ಫೋನ್ ಮಾಡಿ ಹೇಳಬಹುದಿತ್ತಲ್ಲ ಅಂದರೆ "ಮಾಡ್ಬೇಕು ಅಂದ್ಕೊಂಡೆ ಸಾರ್". ನಾವು ಮಾಡಿದರೆ ಎತ್ತುವುದಿಲ್ಲ. ಎರಡನೇ ಸಲ ನಾನು ಸ್ವಲ್ಪ ಗಂಟಲು ಏರಿಸಿಯೇ ಮಾತಾಡಿದೆ.

ಆಗ ಮೇಷ್ಟ್ರ ಹೆಂಡತಿ ಮಜ್ಜಿಗೆ ಕೊಟ್ಟು, ಲೆಕ್ಕದ ಪುಸ್ತಕ ತಂದು ನನ್ನ ಮುಂದಿಟ್ಟರು. ಹಳೇ ಖಜಾಂಚಿ ಅಂತ ಮಗಳು ಬಾಯಿಬಿಟ್ಟಿದ್ದಳು ಅನಿಸುತ್ತದೆ. ಹುರುಳಿ, ಓಟ್ಸ್, ಬೂಸಾ, ಹಸಿ ಹುಲ್ಲು ಒಂದು ಕಡೆ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಕಟ್ಟುವವರಿಗೆ ಇನ್ನೊಂದು ಕಡೆ. ಮೈಸೂರಲ್ಲಿ ಎಲ್ಲೆಲ್ಲೂ ಟಾಂಗಾ ಓಡುತ್ತಿದ್ದ ಕಾಲದಲ್ಲಿ ಗಲ್ಲಿಗೊಬ್ಬ ಲಾಳದವನು ಸಿಗುತ್ತಿದ್ದ, ಈಗ ಒಬ್ಬನಿಗಾಗಿ ವಾರಗಟ್ಟಲೆ ಕಾಯಬೇಕು ಅಂತ ಮೇಷ್ಟ್ರು. ಡಾಕ್ಟರು, ಟಿಟಿ ಇಂಜೆಕ್ಷನ್, ಸೈಸಿನ ಸಂಬಳ. ಮಕ್ಕಳ ಫೀಸು ಮೇವಿನ ಸಾಲಿನಲ್ಲೇ ಮುಗಿದುಹೋಗುತ್ತದೆ. ಉಳಿದದ್ದನ್ನೆಲ್ಲ ಎಳೆಯುತ್ತಿರುವುದು ಮದುಮಗ. ಅಲ್ಲಿ ನಾವು ಈರುಳ್ಳಿ ಹುರಿದ ಹಾಗೆ ಇಲ್ಲಿ ಇವರು ದಿಬ್ಬಣಕ್ಕೆ ಕುದುರೆ ಕಳಿಸುತ್ತಾರೆ. ವ್ಯತ್ಯಾಸ ಏನಪ್ಪಾ ಅಂದರೆ ಅಲ್ಲಿ ಈರುಳ್ಳಿ ಹುರಿಯಲು ಇಪ್ಪತ್ತು ಮನೆಯವರಿದ್ದೆವು, ಇಲ್ಲಿ ಗಂಡ ಹೆಂಡತಿ ಇಬ್ಬರೇ. ನನ್ನ ಕೋಪ ಅರ್ಧ ಇಳಿಯಿತು. ಇನ್ನರ್ಧ ಹಾಗೇ ಇದೆ, ಒಂದು ಮೆಸೇಜ್ ಹಾಕಲು ದುಡ್ಡು ಬೇಕಾಗಿಲ್ಲ.

ಒಂದು ಕಾಗದದ ವಿಷಯ ಹೇಳಲೇಬೇಕು. ಕುದುರೆಗಳಿಗೆ ಗ್ಲ್ಯಾಂಡರ್ಸ್ ಅಂತ ಒಂದು ರೋಗ ಬರುತ್ತದೆ, ಮನುಷ್ಯರಿಗೂ ಅಂಟುತ್ತದೆ, ಬಂದ ಕುದುರೆಯನ್ನು ಉಳಿಸುವ ಹಾಗಿಲ್ಲ. ನೀವು ಮಗುವನ್ನು ಯಾವ ಲಾಯಕ್ಕೆ ಕಳಿಸಿದರೂ ರಕ್ತಪರೀಕ್ಷೆಯ ವರದಿ ಕೇಳಿ ನೋಡಿ. ಇಲ್ಲಿ ಕೇಳಿದ ಕೂಡಲೇ ಆರೂ ಕುದುರೆಗಳದು ಪ್ಲಾಸ್ಟಿಕ್ ಕವರಿನಲ್ಲಿ ನೀಟಾಗಿ ಇಟ್ಟಿದ್ದನ್ನು ತೆಗೆದು ತೋರಿಸಿದರು. ಹೊರಗೆ ಹೋಗಿ ಬಂದ ಕುದುರೆಗೆ ಬೇರೆ ಬಕೆಟ್ ಇಟ್ಟಿದ್ದಾರೆ. ಆಸ್ಟ್ರೇಲಿಯಾದಲ್ಲೂ ಈ ಬಕೆಟ್ ಹಂಚಿಕೊಳ್ಳದ ಮಡಿ ಇತ್ತು. 2007ರಲ್ಲಿ ಅಲ್ಲಿ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡಿನಲ್ಲಿ ಕುದುರೆ ಫ್ಲೂ ಹರಡಿ, ಕುದುರೆಗಳನ್ನು ಇದ್ದ ಜಾಗದಿಂದ ಅಲುಗಾಡಿಸಬೇಡಿ ಅಂತ ಆದೇಶ ಬಂದಿತ್ತು. ಆ ಕಥೆಯನ್ನು ಹಳಬರು ನಮ್ಮಲ್ಲಿ ಪ್ಲೇಗಿನ ಕಾಲದ ಕಥೆ ಹೇಳುವ ಹಾಗೆ ಹೇಳುತ್ತಿದ್ದರು.

ತಿಂಡಿ ತಿನ್ನಿಸಬೇಡಿ ಅಂತ ಬೋರ್ಡ್ ಇದೆ, ದಯವಿಟ್ಟು ಓದಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಒಗ್ಗದಿದ್ದರೆ ಹೊಟ್ಟೆನೋವು ಪ್ರಾಣಕ್ಕೇ ಬರಬಹುದು. ನನ್ನ ಕಣ್ಣೆದುರೇ ಒಬ್ಬ ಅಂಕಲ್ ಮಾರ್ವಾಡಿ ಕುದುರೆಗೆ ಮೈಸೂರ್ ಪಾಕ್ ಹಿಡಿದು ನಿಂತಿದ್ದರು. ಸೈಸು ಓಡಿ ಬಂದು ಕಿತ್ತುಕೊಂಡು ತಾನೇ ಬಾಯಿಗೆ ಹಾಕಿಕೊಂಡ.

ದೊಡ್ಡವರಿಗೂ ಕ್ಲಾಸ್ ಇದೆ. ಕುದುರೆ ಕಂಡರೆ ಕಾಲು ನೋವು ಅಂತಾರಲ್ಲ, ಹಾಗೆ ನಾನೂ ಒಂದು ದಿನ ಹತ್ತೋಣ ಅಂತ ಹೋದೆ. ಮೇಷ್ಟ್ರು ಮೇಲಿಂದ ಕೆಳಗೆ ನೋಡಿ ತೂಕ ಎಷ್ಟು ಅಂದರು. ಎಂಬತ್ತಾರು. ಜೀನು ಸೇರಿಸಿ ಕುದುರೆ ತೂಕದ ಐದರಲ್ಲಿ ಒಂದು ಭಾಗ ದಾಟಬಾರದು, ನಮ್ಮಲ್ಲಿ ನಿಮ್ಮನ್ನು ಹೊರುವುದು ರೇಸಿನವು ಎರಡೇ, ಅವುಗಳ ಮೇಲೆ ನೀವು ಕೂರುವ ಹಾಗಿಲ್ಲ ಅಂದರು. ಎಂಟು ಕೆಜಿ ಇಳಿಸಿ ಮಾರ್ವಾಡಿ ಮೇಲೆ ಕೂರಿ ಅಂತ ಕಳಿಸಿದರು. ಬರುವ ದುಡ್ಡನ್ನು ಬೇಡ ಅಂದ ಬಿಸಿನೆಸ್ಸು ನಾನು ಮೈಸೂರಲ್ಲಿ ಇದೊಂದೇ ನೋಡಿದ್ದು.

ಪೇರೆಂಟ್ಸ್ ಗ್ರೂಪಿನಲ್ಲಿ ನಾನು ಒಂದು ಸಲಹೆ ಹಾಕಿದ್ದೆ: ತಿಂಗಳಿಗೆ ಒಂದು ಭಾನುವಾರ ಎಲ್ಲರೂ ಎರಡು ಗಂಟೆ ಬಂದು ಬೇಲಿ, ಲಾಯ, ಸಾಮಾನು ನೋಡೋಣ, ಸೇರಿಸಿ ನಾಲ್ಕು ಒಳ್ಳೆಯ ಹೆಲ್ಮೆಟ್ ತೆಗೆಯೋಣ. ಹದಿನಾಲ್ಕು ಹೆಬ್ಬೆರಳು ಬಂದವು. ಭಾನುವಾರ ಬಂದವರು ಮೂರು ಜನ. ಒಬ್ಬರು ಫೋನ್ ಮಾಡಿ "ಸಾರ್, ದುಡ್ಡು ಕೇಳಿ ಕೊಡ್ತೀನಿ, ಲದ್ದಿ ಮಾತ್ರ ಆಗಲ್ಲ" ಅಂದರು. ಆಯಿತು, ದುಡ್ಡೇ ಕೊಡಿ ಅಂದೆ. ಕೊಟ್ಟರು ಕೂಡ, ಅದರಲ್ಲಿ ಎರಡು ಹೆಲ್ಮೆಟ್ ಆರ್ಡರ್ ಆಗಿದೆ, ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ನಿಮ್ಮದೇ ತಗೊಂಡು ಹೋಗಿ, ಸೈಕಲ್ಲಿನದು ಬೇಡ.

ತಿಂಗಳಿಗೆ ಎಂಟು ಕ್ಲಾಸಿಗೆ ನಾಲ್ಕು ಸಾವಿರ. ಬೆಳಿಗ್ಗೆ ಆರೂವರೆ ಬ್ಯಾಚೇ ತಗೊಳ್ಳಿ, ಎಂಟೂವರೆಯದು ಬಿಸಿಲಿಗೆ ಮಕ್ಕಳಿಗೂ ಕಷ್ಟ, ಕುದುರೆಗೂ ಕಷ್ಟ. ಮಳೆ ಬಂದರೆ ಮಣ್ಣಿನ ದಾರಿಯಲ್ಲಿ ಕಾರು ಹೂತುಕೊಳ್ಳುತ್ತದೆ, ಟೀ ಅಂಗಡಿ ಹತ್ತಿರವೇ ನಿಲ್ಲಿಸಿ ನಡೆಯಿರಿ. ಹಿಂದಿನ ರಾತ್ರಿ ಮೇಷ್ಟ್ರಿಗಲ್ಲ, ಅವರ ಹೆಂಡತಿಯ ನಂಬರಿಗೆ ಫೋನ್ ಮಾಡಿ ಕುದುರೆ ಮನೆಯಲ್ಲಿವೆಯಾ ಅಂತ ಕೇಳಿಕೊಳ್ಳಿ. ತಿಂಗಳ ಮೊದಲ ಭಾನುವಾರ ಲಾಯ ತೊಳೆಯುವ ದಿನ, ಬರುವವರು ಸಲಿಕೆ ತನ್ನಿ, ಅಲ್ಲಿರುವುದು ಎರಡೇ.