ಆಯಿಲ್ ಕುಡಿಯುವ ಹಳೆ ಕಾರು: ಘಾಟಿ ಇಳಿಸಿ ನೋಡುವುದಾ, ಗೇಜ್ ಹಾಕಿ ನೋಡುವುದಾ?

ಹಳೆ ಕಾರಿನ ಸೈಲೆನ್ಸರಿನಲ್ಲಿ ನೀಲಿ ಹೊಗೆ (ಆಯಿಲ್ ಉರಿಯುವ ಗುರುತು) ಕಂಡರೆ ಸಾಕು, "ಪಿಸ್ಟನ್ ಸುತ್ತಲಿನ ರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು" ಅಂತಾರೆ. ಇರಬಹುದು. ಆದರೆ ವಾಲ್ವ್ ಸೀಲ್ (ವಾಲ್ವ್ ಕಡ್ಡಿಯ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆ) ಸವೆದರೂ ಬರುವುದು ಇದೇ ಹೊಗೆ. ಸೀಲ್ ಆದರೆ ಚಿಕ್ಕ ಕೆಲಸ, ರಿಂಗ್ ಆದರೆ ಜೇಬು ಖಾಲಿ. ನನ್ನ 1998ರ ಮಾರುತಿ ಝೆನ್‌ನಲ್ಲಿ ತೊಂದರೆ ಯಾವುದು ಅಂತ ತಿಳಿಯಲು ಮೂರು ದಾರಿ ಹಿಡಿದು ನೋಡಿದೆ. ಅದಕ್ಕೂ ಮೊದಲು ರಾತ್ರಿ ಕಾರಿನಡಿ ಒಂದು ರಟ್ಟು ಹಾಸಿಡಿ. ಆಯಿಲ್ ಸೋರುತ್ತಿದ್ದರೆ ಈ ಕಥೆಯೇ ಬೇರೆ.

ಖರ್ಚಿಲ್ಲದ ದಾರಿ ಚಾರ್ಮಾಡಿ ಘಾಟಿ. ಕೊಟ್ಟಿಗೆಹಾರ ದಾಟಿ ಆಕ್ಸಿಲರೇಟರ್ ಬಿಟ್ಟು ಎರಡನೇ ಗೇರಿನಲ್ಲಿ ಇಳಿಯಬೇಕು. ಥ್ರಾಟಲ್ ಮುಚ್ಚಿರುತ್ತೆ, ಇಂಜಿನ್ ಮಾತ್ರ ಜೋರಾಗಿ ತಿರುಗುತ್ತೆ. ಒಳಗೆ ವ್ಯಾಕ್ಯೂಮ್ ಏರಿ, ಸವೆದ ಸೀಲ್ ಇದ್ದರೆ ಅಲ್ಲಿಂದ ಆಯಿಲ್ ಎಳೆದುಕೊಳ್ಳುತ್ತೆ. ಇಳಿಜಾರು ಮುಗಿದ ಮೇಲೆ ಆಕ್ಸಿಲರೇಟರ್ ಒತ್ತಿದಾಗ ಒಮ್ಮೆ ಗುಪ್ಪನೆ ನೀಲಿ ಹೊಗೆ ಬಂದು ನಿಂತರೆ ಸೀಲ್ ಮೇಲೆ ಅನುಮಾನ. ವಾಪಸ್ ಹತ್ತುವಾಗ ಒಂದೇ ಸಮ ಹೊಗೆ ಬಂದರೆ ರಿಂಗ್ ಮೇಲೆ. ಕನ್ನಡಿಯಲ್ಲಿ ಸರಿಯಾಗಿ ಕಾಣಲ್ಲ, ಹಿಂದೆ ಬೈಕಿನಲ್ಲಿ ಸ್ನೇಹಿತರೊಬ್ಬರು ಬರಬೇಕು. ಮಳೆಗಾಲದಲ್ಲಿ ಬೇಡವೇ ಬೇಡ, ಆ ಮಂಜಿನಲ್ಲಿ ಮುಂದಿನ ಲಾರಿಯೇ ಕಾಣಲ್ಲ, ಇನ್ನು ಹೊಗೆ ಎಲ್ಲಿ? ನನ್ನ ಕಾರು ಇಳಿದ ಮೇಲೆ ಗುಪ್ಪಂತು, ಹತ್ತುವಾಗ ಸುಮ್ಮನಿತ್ತು. ಬೆಳಿಗ್ಗೆ ಮೊದಲ ಸ್ಟಾರ್ಟಿಗೂ ಹಾಗೇ ಒಮ್ಮೆ ಗುಪ್ಪನ್ನುತ್ತಿತ್ತು.

ಎರಡನೆಯದು ಕಂಪ್ರೆಷನ್ ಗೇಜ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಮೀಟರ್. ಇಂಜಿನ್ ಬಿಸಿ ಮಾಡಿ, ಇಗ್ನಿಷನ್ ಕಟ್ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡಬೇಕು. ಪ್ಲಗ್ ತೆಗೆಯುವಾಗಲೇ ಅರ್ಧ ಸುದ್ದಿ ಸಿಗುತ್ತೆ: ಮೂರನೇ ಪ್ಲಗ್ಗಿನ ಥ್ರೆಡ್ಡೆಲ್ಲ ಆಯಿಲ್ ಜಿಡ್ಡು, ತುದಿಯಲ್ಲಿ ಕಪ್ಪು ಹೊಪ್ಪಳೆ. ಉಳಿದ ಮೂರೂ ಒಣ ಕಂದು ಬಣ್ಣ. ಗೇಜಿನಲ್ಲಿ ಮಾತ್ರ ನಾಲ್ಕೂ ಹೆಚ್ಚುಕಡಿಮೆ ಸಮ. ಒಂದರಲ್ಲಿ ಕಡಿಮೆ ಬಂದಿದ್ದರೆ ಆ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಏರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ), ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವಿನ ಪದರ). ಇನ್ನೊಂದು ವಿಷಯ, ನಮ್ಮ ಊರು ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡವೇ ಶೇಕಡಾ 10ರಷ್ಟು ಕಡಿಮೆ. ಪುಸ್ತಕದಲ್ಲಿರುವ ಅಂಕಿ ಬರಲಿಲ್ಲ ಅಂತ ಹೆದರಬೇಡಿ, ಸಿಲಿಂಡರುಗಳ ನಡುವಿನ ವ್ಯತ್ಯಾಸ ನೋಡಿ.

ಆದರೆ ಗೇಜನ್ನೇ ಪೂರ್ತಿ ನಂಬೋ ಹಾಗಿಲ್ಲ. ಅದು ಹೇಳುವುದು ಮೇಲಿನ ಎರಡು ಕಂಪ್ರೆಷನ್ ರಿಂಗುಗಳ ಕಥೆ. ಕೆಳಗಿನ ಆಯಿಲ್ ರಿಂಗ್ ಮಸಿ ಕಟ್ಟಿ ಜಾಮ್ ಆಗಿದ್ದರೂ ಗೇಜ್ ಚೆನ್ನಾಗೇ ತೋರಿಸಬಹುದು. ಅಲ್ಲಿ ಘಾಟಿ ಹತ್ತಿದ್ದೇ ಕೆಲಸಕ್ಕೆ ಬಂತು, ಹತ್ತುವಾಗ ಹೊಗೆ ಇರಲಿಲ್ಲವಲ್ಲ.

ಮೂರನೆಯದು ಲೀಕ್‌ಡೌನ್. ಪಿಸ್ಟನ್ ಮೇಲೆ ತಂದು ಪ್ಲಗ್ ತೂತಿನಿಂದ ಗಾಳಿ ಬಿಟ್ಟು ಕಿವಿ ಕೊಡುವುದು. ಆಯಿಲ್ ಹಾಕುವ ಮುಚ್ಚಳದಲ್ಲಿ ಜೋರಾಗಿ ಬುಸ್ ಅಂದರೆ ರಿಂಗ್, ಸೈಲೆನ್ಸರಿನಲ್ಲಿ ಅಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬುರೇಟರಿನಲ್ಲಿ ಅಂದರೆ ಇನ್‌ಟೇಕ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಕಂಪ್ರೆಷನ್ ಕಡಿಮೆ ಇರುವ ಇಂಜಿನ್ನಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ನನ್ನ ತರದ ಕೇಸಿಗೆ ಜಾಸ್ತಿ ಏನೂ ಹೇಳಲ್ಲ. ಕಂಪ್ರೆಸರ್ ಇರುವ ಗ್ಯಾರೇಜೂ ಬೇಕು.

ದಪ್ಪ ಆಯಿಲ್ ಹಾಕಿ ನೋಡಿ ಅಂದವರೂ ಇದ್ದರು. 20ಡಬ್ಲ್ಯು-50 ಹಾಕಿದಾಗ ಹೊಗೆ ಸ್ವಲ್ಪ ಇಳಿಯಿತು, ಡಿಸೆಂಬರ್ ಚಳಿಯಲ್ಲಿ ಸ್ಟಾರ್ಟ್ ಮಾತ್ರ ಭಾರವಾಯಿತು. ರೋಗ ಯಾವುದು ಅಂತ ಅದು ಹೇಳಲೇ ಇಲ್ಲ.

ಒಂದನ್ನೇ ಆರಿಸಿ ಅಂದರೆ ನಾನು ಘಾಟಿಯನ್ನೇ ಆರಿಸುತ್ತೇನೆ, ಬೆನ್ನಿಗೆ ಗೇಜ್. ಕೊನೆಗೆ ಹೆಡ್ ಇಳಿಸದೆ, ಪ್ಲಗ್ ತೂತಿನಿಂದ ಗಾಳಿ ಕೊಟ್ಟು ವಾಲ್ವ್ ಬೀಳದಂತೆ ಹಿಡಿದು ಎಂಟೂ ಸೀಲ್ ಬದಲಾಯಿಸಿದ್ದಾಯಿತು. ಬೆಳಗಿನ ಹೊಗೆ ನಿಂತಿದೆ. ಆಯಿಲ್ ಇನ್ನೂ ಚೂರು ಇಳಿಯುತ್ತೆ, ಮುಂದಿನ ಸರದಿ ಇಂಜಿನ್ ಒಳಗಿನ ಆವಿಯನ್ನು ಮತ್ತೆ ಇನ್‌ಟೇಕಿಗೆ ಕಳಿಸುವ ಪಿಸಿವಿ ವಾಲ್ವಿನದು.