ಘಟ್ಟದ ಪಾಚಿ, ಹೊಳೆಯ ಮರಳು: ಮಾಡೆಲ್ ರೈಲಿಗೆ ಬೆಟ್ಟ ಕಟ್ಟುವ ಮುಂಚೆ ಇದನ್ನು ಓದಿ

ಕಳೆದ ಆಟಿ ತಿಂಗಳ ಜೋರು ಮಳೆಗಾಲದಲ್ಲಿ ನನ್ನ ಮಗಳಿಗೆ ಮೂರು ವಾರ ಕೆಮ್ಮು ಬಿಡಲೇ ಇಲ್ಲ. ರಾತ್ರಿ ಮಲಗಿದರೆ ಎದೆಯಲ್ಲಿ ಸುಯ್ ಸುಯ್ ಅಂತ ಸದ್ದು. ಔಷಧಿ ಕೊಟ್ಟರೆ ಎರಡು ದಿನ ಕಡಿಮೆ, ಆಮೇಲೆ ಮತ್ತೆ ಅದೇ. ಮೂರನೇ ಸಲ ಹೋದಾಗ ಡಾಕ್ಟ್ರು ಅವಳ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟುಕೊಂಡೇ ನನ್ನನ್ನು ಕೇಳಿದರು: "ಮನೆಯಲ್ಲಿ ಎಲ್ಲಾದರೂ ಬೂಷ್ಟು ಹಿಡಿದದ್ದು ಉಂಟಾ? ಇವಳು ಜಾಸ್ತಿ ಹೊತ್ತು ಎಲ್ಲಿ ಕೂತುಕೊಳ್ಳುವುದು?"

ನನಗೆ ತಕ್ಷಣ ನೆನಪಾದದ್ದು ಉಪ್ಪರಿಗೆಯ ಕೋಣೆ. ಅಲ್ಲಿ ನಾವಿಬ್ಬರೂ ಸೇರಿ ಕಟ್ಟಿದ ಬೆಟ್ಟ ಇತ್ತು.

ನನಗೆ ಗೊತ್ತಿರುವ ನಾಲ್ಕೈದು ಮನೆಗಳಲ್ಲಿ ಈಗ ಮಾಡೆಲ್ ರೈಲು, ಅಂದರೆ ನಿಜದ ರೈಲಿನ ಪುಟ್ಟ ಪ್ರತಿರೂಪ ಮಾಡಿ ಓಡಿಸುವ ಹವ್ಯಾಸ, ಶುರುವಾಗಿದೆ. ಅವರಲ್ಲಿ ಇಬ್ಬರು ಈ ಬೇಸಿಗೆಯಲ್ಲಿ ಬೆಟ್ಟ, ಸುರಂಗ ಮಾಡುವವರಿದ್ದಾರೆ. ಅವರಿಗೆ ಬಾಯಲ್ಲಿ ಹೇಳಿದೆ. ಉಳಿದವರಿಗೂ ತಲುಪಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಪುತ್ತೂರಿನ ಹತ್ತಿರ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ ಹತ್ತುವ ಘಟ್ಟದ ಹಳಿ ನನಗೆ ಚಿಕ್ಕಂದಿನಿಂದ ಇಷ್ಟ. ಸುಮಾರು 55 ಕಿಲೋಮೀಟರ್ ದಾರಿ, 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. 50 ಅಡಿ ಹೋದರೆ ಒಂದು ಅಡಿ ಏರು. 1996ರಲ್ಲಿ ಮೀಟರ್ ಗೇಜ್ ರೈಲು ನಿಂತಾಗ ನಾನು ಶಾಲೆಯಲ್ಲಿದ್ದೆ. ಬ್ರಾಡ್ ಗೇಜ್ ಆಗಿ 2007ರ ಕೊನೆಗೆ ಮತ್ತೆ ಪ್ರಯಾಣಿಕರ ರೈಲು ಬಂದಾಗ ಕೆಲಸಕ್ಕೆ ಸೇರಿದ್ದೆ. 2021ರಲ್ಲಿ ಆ ದಾರಿಗೆ ಗಾಜಿನ ಮಾಡಿನ ಬೋಗಿ ಬಂತಲ್ವಾ, ಅದರಲ್ಲಿ ಮಗಳನ್ನು ಕರೆದುಕೊಂಡು ಹೋದೆ. ಎಡಕುಮೇರಿ ದಾಟುವಾಗ ಅವಳು, "ಅಪ್ಪಾ, ಇದನ್ನೇ ನಮ್ಮ ಮನೆಯಲ್ಲಿ ಮಾಡುವನಾ?" ಅಂದಳು. ಹಾಗೆ ಶುರುವಾಯಿತು.

ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಲಗೆ. ಎಚ್‌ಒ ಅಳತೆ, ಅಂದರೆ ನಿಜದ ರೈಲಿನ 87ರಲ್ಲಿ ಒಂದು ಭಾಗ. ಹಳಿ ಜೋಡಿಸಿ ಇಂಜಿನ್ ಓಡಿಸುವವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ತಪ್ಪಿದ್ದು ಬೆಟ್ಟ ಕಟ್ಟುವಾಗ.

ನನ್ನ ತಲೆಯಲ್ಲಿ ಒಂದೇ ಯೋಚನೆ ಕೂತುಬಿಟ್ಟಿತ್ತು: ಘಟ್ಟ ನಿಜ ಅನಿಸಬೇಕಾದರೆ ಸಾಮಾನೂ ಘಟ್ಟದ್ದೇ ಆಗಬೇಕು. ಹಳಿಯ ಮೇಲೆ ನಡೆದು ಮಣ್ಣು ತರಲು ನಾನು ಹೋಗಲಿಲ್ಲ. ಹಾಗೆ ಹೋಗುವುದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ. ಆ ಸುರಂಗಗಳಲ್ಲಿ ರೈಲು ಬಂದರೆ ಓಡಲೂ ಜಾಗ ಇಲ್ಲ, ದಯವಿಟ್ಟು ಯಾರೂ ಹೋಗಬೇಡಿ. ಗುಂಡ್ಯದ ಹತ್ತಿರ ರಸ್ತೆ ಬದಿಯ ಕೆಂಪು ಮಣ್ಣು ಒಂದು ಚೀಲ, ಸುಬ್ರಹ್ಮಣ್ಯಕ್ಕೆ ಹೋದಾಗ ಕುಮಾರಧಾರೆಯ ದಡದಿಂದ ಎರಡು ಡಬ್ಬಿ ಮರಳು, ನಮ್ಮದೇ ಅಡಿಕೆ ತೋಟದ ಕಟ್ಟೆಯಿಂದ ಎಬ್ಬಿಸಿದ ಹಸಿ ಪಾಚಿ. ಇಷ್ಟು ನನ್ನ ಸಾಮಾನು. ಒಂದು ವಿಡಿಯೋದಲ್ಲಿ ಒಬ್ಬರು ಹೀಗೆಯೇ ಪಾಚಿ ಅಂಟಿಸಿ ತುಂಬಾ ಚಂದದ ಕಾಡು ಮಾಡಿದ್ದರು. ಅವರ ಊರು ಚಳಿಯ ಒಣ ಊರು, ಕೋಣೆಯಲ್ಲಿ ಹೀಟರ್ ಇತ್ತು. ಅದನ್ನು ನಾನು ಗಮನಿಸಲೇ ಇಲ್ಲ.

ಬೆಟ್ಟದ ಒಳಗಿನ ಆಕಾರಕ್ಕೆ ಥರ್ಮೋಕೋಲ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿದೆ. ಅಂಟು ಯಾವುದು? ಚಪ್ಪಲಿ, ರೆಕ್ಸಿನ್ ಅಂಟಿಸಲು ಮನೆಯಲ್ಲಿದ್ದ ಹಳದಿ ರಬ್ಬರ್ ಗಮ್. ಒಂದು ಗಂಟೆ ಬಿಟ್ಟು ನೋಡಿದರೆ ಅಂಟು ಹಚ್ಚಿದ ಕಡೆಯೆಲ್ಲ ಥರ್ಮೋಕೋಲ್ ಕರಗಿ ಗುಂಡಿ ಬಿದ್ದಿತ್ತು. ಅಷ್ಟಕ್ಕೆ ಎಚ್ಚೆತ್ತುಕೊಳ್ಳಬೇಕಿತ್ತು. ಬಂಡೆಯ ಬಣ್ಣಕ್ಕೆ ಸ್ಪ್ರೇ ಕ್ಯಾನ್ ಹೊಡೆದೆ. ಅದು ಇನ್ನೂ ಜೋರಾಗಿ ತಿಂದಿತು. ಆ ಗಮ್ಮಿನಲ್ಲಿ, ಸ್ಪ್ರೇಯಲ್ಲಿ ಇರುವ ದ್ರಾವಕ ಥರ್ಮೋಕೋಲನ್ನು ಕರಗಿಸುತ್ತದೆ. ಹೊರಗೆ ಸಣ್ಣ ತೂತು ಕಾಣುತ್ತದೆ, ಒಳಗೆ ಮುಷ್ಟಿಯಷ್ಟು ಪೊಳ್ಳು.

ಆ ಪೊಳ್ಳನ್ನು ಮುಚ್ಚಲು ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಸುರಿದೆ. ಹತ್ತಿ ಬಟ್ಟೆಯನ್ನು ಪಿಒಪಿಯಲ್ಲಿ ಅದ್ದಿ ತೆಳ್ಳಗೆ ಒಂದೆರಡು ಪದರ ಹೊದಿಸಿದ್ದರೆ ಸಾಕಿತ್ತು. ನಾನು ಹನ್ನೊಂದು ಕಿಲೋ ಹಾಕಿದೆ. ದಪ್ಪವಾಗಿ ಹಾಕಿದ ಪಿಒಪಿ ಗಟ್ಟಿಯಾಗುವಾಗ ಚೆನ್ನಾಗಿ ಬಿಸಿಯಾಗುತ್ತದೆ, ಮಕ್ಕಳ ಕೈಯನ್ನು ಅದರೊಳಗೆ ಇಡಲು ಬಿಡಬೇಡಿ. ಇನ್ನೊಂದು ವಿಷಯ, ಗಟ್ಟಿಯಾಯಿತು ಅಂದರೆ ಒಣಗಿತು ಅಂತ ಅಲ್ಲ. ಅರ್ಧ ಗಂಟೆಯಲ್ಲಿ ಕಲ್ಲಿನ ಹಾಗೆ ಆಗುತ್ತದೆ, ಆದರೆ ಕಲಸಿದ ನೀರಿನಲ್ಲಿ ತುಂಬಾ ಪಾಲು ಒಳಗೇ ಇರುತ್ತದೆ. ಅದು ಹೊರಗೆ ಬರಲು ಬಿಸಿಲಲ್ಲಿ ದಿನಗಳು ಬೇಕು, ಮಳೆಗಾಲದಲ್ಲಿ ವಾರಗಳು.

ಆಗ ಮೇ ಕೊನೆಯ ವಾರ. ಶಾಲೆ ಶುರುವಾಗುವ ಮುಂಚೆ ಮುಗಿಸಬೇಕು ಅಂತ ನಮಗೆ ಅವಸರ. ಎರಡೇ ದಿನದಲ್ಲಿ ಅದರ ಮೇಲೆ ಬಣ್ಣ, ಫೆವಿಕಾಲ್, ಮಣ್ಣು, ಹಸಿ ಪಾಚಿ ಎಲ್ಲ ಬಂತು. ನೀರು ಒಳಗೆ ಸಿಕ್ಕಿಬಿದ್ದಿತು. ಮೇಲೆ ಕೂತ ಪಾಚಿ ಇನ್ನಷ್ಟು ನೀರು ಹೀರುವ ವಸ್ತು. ಒಂದು ವಾರದಲ್ಲಿ ಮಳೆ ಹಿಡಿಯಿತು. ಹಂಚಿನ ಮಾಡು, ಕಿಟಕಿ ಮುಚ್ಚಿದ ಕೋಣೆ.

ಮೊದಲ ಹದಿನೈದು ದಿನ ಆ ಬೆಟ್ಟ ಎಷ್ಟು ಚಂದ ಇತ್ತು ಅಂದರೆ, ಬಂದವರನ್ನೆಲ್ಲ ಮೇಲೆ ಕರೆದುಕೊಂಡು ಹೋಗಿ ತೋರಿಸಿದೆ. ಜೂನ್ ಕೊನೆಗೆ ವಾಸನೆ ಶುರುವಾಯಿತು. "ಅಪ್ಪಾ, ಇದು ಎಂತ ವಾಸನೆ?" ಅಂತ ಮಗಳು ಕೇಳಿದಳು. ಮಳೆಗಾಲದ ಮಣ್ಣಿನ ವಾಸನೆ, ಘಟ್ಟದಲ್ಲಿ ಹೀಗೇ ಇರುತ್ತದೆ ಅಂದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಇಂಜಿನ್ ಕೆಟ್ಟದ್ದೂ ಆ ದಿನಗಳಲ್ಲೇ. ಹಳಿಯ ನಡುವಿನ ಜಲ್ಲಿಗೆ ನಾನು ಹೊಳೆಯ ಮರಳು ಹಾಕಿದ್ದೆ. ಹೊಳೆಯ ಮರಳನ್ನು ಬಿಸಿಲಲ್ಲಿ ಹಿಡಿದು ನೋಡಿ, ಕಪ್ಪು ಕಪ್ಪು ಕಾಳು ಕಾಣುತ್ತದೆ. ಅದರಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅಯಸ್ಕಾಂತಕ್ಕೆ ಅಂಟುತ್ತದೆ. ಇಂಜಿನ್ನಿನ ಮೋಟಾರಿನ ಒಳಗೆ ಇರುವುದೂ ಅಯಸ್ಕಾಂತವೇ. ನೆಲದಿಂದ ಕೆಲವೇ ಮಿಲಿಮೀಟರ್ ಮೇಲೆ ಓಡುವ ಮೋಟಾರು ದಾರಿಯುದ್ದಕ್ಕೂ ಆ ಕಾಳುಗಳನ್ನು ಎಳೆದುಕೊಳ್ಳುತ್ತಾ ಹೋಯಿತು. ಗೇರಿನ ಗ್ರೀಸಿಗೂ ಅಂಟಿತು. ಬಿಚ್ಚಿ ನೋಡಿದಾಗ ಮೋಟಾರಿನ ಸುತ್ತ ಗಡ್ಡ ಬೆಳೆದ ಹಾಗೆ ಕಪ್ಪು ಎಳೆ ನಿಂತಿತ್ತು, ಹಿತ್ತಾಳೆಯ ಗೇರಿನ ಹಲ್ಲು ಸವೆದಿತ್ತು. ಒಂಬತ್ತು ಸಾವಿರ ರೂಪಾಯಿಯ ಇಂಜಿನ್. ಅವಳ ಹುಟ್ಟುಹಬ್ಬಕ್ಕೆ ಕೊಟ್ಟದ್ದು.

ಮರಳಿನ ಗಾತ್ರವೂ ತಪ್ಪೇ. ನಮ್ಮ ರೈಲ್ವೆ ಜಲ್ಲಿ ಸುಮಾರು 50 ಮಿಲಿಮೀಟರಿನ ಕಲ್ಲು. 87ರಿಂದ ಭಾಗಿಸಿದರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಾನು ಹಾಕಿದ ಮರಳಿನಲ್ಲಿ ಎರಡು ಮಿಲಿಮೀಟರಿನ ಕಾಳುಗಳಿದ್ದವು. ಅಂದರೆ ಆ ಪುಟ್ಟ ಹಳಿಯ ಮೇಲೆ 17 ಸೆಂಟಿಮೀಟರಿನ ಬಂಡೆಗಳು. ಪಾಚಿಯದ್ದೂ ಇದೇ ಕಥೆ. ಕೈಯಲ್ಲಿ ಹಿಡಿದರೆ ಕಾಡಿನ ಹಾಗೆ ಕಾಣುತ್ತದೆ, ಬೋಗಿಯ ಪಕ್ಕ ಇಟ್ಟರೆ ಅದರ ಎಲೆ ಮನುಷ್ಯನ ತಲೆಯಷ್ಟು ದೊಡ್ಡದು. ನಿಜದ ವಸ್ತುವನ್ನು ಚಿಕ್ಕದು ಮಾಡಲು ಆಗುವುದಿಲ್ಲ. ಇಷ್ಟು ಸರಳ ವಿಷಯ ನನಗೆ ಹೊಳೆಯಲೇ ಇಲ್ಲ ಅನ್ನುವುದಕ್ಕೆ ಬೇಸರ ಇದೆ.

ಜಲ್ಲಿಗೆ ಹಾಕಿದ ಫೆವಿಕಾಲ್ ನೀರು ಒಂದು ಪಾಯಿಂಟಿನ (ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಜಾಗ) ಒಳಗೆ ಇಳಿದು ಅದೂ ಅಲ್ಲಾಡದ ಹಾಗಾಯಿತು. ಆದರೆ ಎಲ್ಲಕ್ಕಿಂತ ದೊಡ್ಡ ತಪ್ಪು ಸುರಂಗ.

ಬೆಟ್ಟದ ಹಿಂಬದಿ ಗೋಡೆಗೆ ತಾಗಿತ್ತು. ಅದನ್ನು ಪೂರ್ತಿ ಮುಚ್ಚಿಬಿಟ್ಟಿದ್ದೆ. ಒಳಗೆ ಹಳಿ ತಿರುವಿನಲ್ಲಿ ಹೋಗುತ್ತದೆ. ಉದ್ದದ ಬೋಗಿ ತಿರುವಿನಲ್ಲಿ ಹೊರಕ್ಕೆ ಚಾಚುತ್ತದೆ, ಪಿಒಪಿಯ ಗೋಡೆಗೆ ಉಜ್ಜಿ ಹಳಿ ತಪ್ಪುತ್ತದೆ. ದಿನಕ್ಕೆ ಎರಡು ಮೂರು ಸಲ ಹೀಗೆ. ಸುರಂಗದ ಬಾಯಿ ಐದು ಸೆಂಟಿಮೀಟರ್ ಅಗಲ, ಏಳೂವರೆ ಎತ್ತರ. ನನ್ನ ಕೈ ಅದರಲ್ಲಿ ಹೋಗುತ್ತಿರಲಿಲ್ಲ. ಅವಳ ಕೈ ಹೋಗುತ್ತಿತ್ತು. ಹಲಗೆಯ ಮೇಲೆ ಒರಗಿ, ಮುಖವನ್ನು ಸುರಂಗದ ಬಾಯಿಗೆ ಹತ್ತಿರ ತಂದು, ಮೊಣಕೈವರೆಗೆ ಕೈ ತೂರಿಸಿ ಬೋಗಿ ಎಳೆದು ತೆಗೆಯುತ್ತಿದ್ದಳು. ಮೂರು ವಾರ ಇದು ಅವಳದ್ದೇ ಕೆಲಸ ಆಗಿತ್ತು. ಖುಷಿಯಿಂದ ಮಾಡುತ್ತಿದ್ದಳು.

ಡಾಕ್ಟ್ರ ಹತ್ತಿರ ಹೋಗಿ ಬಂದ ಸಂಜೆ ಒಬ್ಬನೇ ಮೇಲೆ ಹೋಗಿ ಬೆಟ್ಟದ ಹಿಂಬದಿ ಒಡೆದೆ. ಒಳಗೆ ಪಿಒಪಿಯ ಗೋಡೆ ಪೂರ್ತಿ ಬೂದು ಬಣ್ಣದ ರೋಮ ಹೊದ್ದಿತ್ತು. ಕರಗಿದ ಥರ್ಮೋಕೋಲಿನ ಪೊಳ್ಳುಗಳಲ್ಲಿ ಕರಿ ಬೂಷ್ಟು. ಪ್ಲೈವುಡ್ಡಿನ ಅಡಿ ಭಾಗ ಒದ್ದೆ. ಪಾಚಿಯ ಬುಡದಲ್ಲಿ ಬಿಳಿ ಸಣ್ಣ ಹುಳ. ಟಾರ್ಚ್ ಹಿಡಿದ ಕೈ ನಡುಗುತ್ತಿತ್ತು.

ಮಗಳನ್ನು ಅಜ್ಜಿ ಮನೆಗೆ ಕಳಿಸಿ, ಎನ್95 ಮಾಸ್ಕ್ ಕಟ್ಟಿಕೊಂಡು ಎಲ್ಲವನ್ನೂ ತೆಗೆದೆ. ಒಣ ಬೂಷ್ಟು ಮುಟ್ಟಿದರೆ ಪುಡಿ ಹಾರುತ್ತದೆ. ಹಾಗಾಗಿ ಮೊದಲು ನೀರು ಚಿಮುಕಿಸಿ, ತುಂಡು ತುಂಡಾಗಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ. ಹಳಿ ಮಾತ್ರ ಉಳಿಯಿತು. ಹಳೆ ವಯರಿನ ತಾಮ್ರದ ತಂತಿ ತಿರುಚಿ, ಉಣ್ಣೆ ಅಂಟಿಸಿ ಅವಳು 140 ಮರ ಮಾಡಿದ್ದಳು. ಫೋನಿನಲ್ಲಿ, "ನನ್ನ ಮರಗಳಿಗೂ ಬಂದಿದೆಯಾ ಅಪ್ಪಾ?" ಅಂತ ಕೇಳಿದಳು. ಬಂದಿತ್ತು.

ಕೋಣೆ ಖಾಲಿ ಮಾಡಿ, ಗೋಡೆ ತೊಳೆದು ಒಣಗಿಸಿದ ಎರಡು ವಾರದಲ್ಲಿ ಅವಳ ಕೆಮ್ಮು ಇಳಿಯಿತು. ಬೆಟ್ಟವೊಂದೇ ಕಾರಣ ಅಂತ ಡಾಕ್ಟ್ರು ಹೇಳಲಿಲ್ಲ. ಉಬ್ಬಸದ ಗುಣ ಇರುವ ಮಕ್ಕಳಿಗೆ ಬೂಷ್ಟು ತುಂಬಾ ತೊಂದರೆ ಕೊಡುತ್ತದೆ, ಅದರ ಹತ್ತಿರ ಬಿಡಬೇಡಿ ಅಂದರು. ನನಗೆ ಅಷ್ಟು ಸಾಕಾಯಿತು.

ಡಿಸೆಂಬರಿನಲ್ಲಿ ಮತ್ತೆ ಶುರು ಮಾಡಿದೆವು. ಈ ಸಲ ಹಸಿ ಪಾಚಿ ಇಲ್ಲ, ತೋಟದ ಯಾವ ಹಸಿರೂ ಇಲ್ಲ. ಅಂಗಡಿಯ ಒಣ ಪಾಚಿಯೂ ಬೇಡ ಅಂತ ನನ್ನ ಅಭಿಪ್ರಾಯ. ಅದು ಮೆತ್ತಗಿರಲಿ ಅಂತ ಹಲವರು ಗ್ಲಿಸರಿನ್ ಹಾಕಿರುತ್ತಾರೆ, ಗ್ಲಿಸರಿನ್ ಗಾಳಿಯ ತೇವ ಎಳೆಯುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ಅದು ಹೇಳಿದ್ದಲ್ಲ. ನಾವು ಹಳೆ ದಿಂಬಿನ ಸ್ಪಂಜನ್ನು ಚೂರು ಮಾಡಿ, ನೀರು ಹಾಕಿ, ಬೇರೆ ಇಟ್ಟ ಹಳೆ ಮಿಕ್ಸಿಯಲ್ಲಿ ತಿರುಗಿಸಿ ಪುಡಿ ಮಾಡುತ್ತೇವೆ. ಹಿಂಡಿ, ಅಕ್ರಿಲಿಕ್ ಬಣ್ಣದಲ್ಲಿ ಕಲಸಿ, ಬಿಸಿಲಲ್ಲಿ ಒಣಗಿಸಿದರೆ ಎಲೆ ತಯಾರು. ಮೂರು ನಾಲ್ಕು ಹಸಿರು ಬೇರೆ ಬೇರೆ ಮಾಡಿಟ್ಟುಕೊಳ್ಳಿ, ಘಟ್ಟದ ಕಾಡು ಒಂದೇ ಹಸಿರಲ್ಲ. ಹತ್ತು ಅಡಿ ದೂರದಿಂದ ನೋಡಿದರೆ ನಮ್ಮ ಹಳೆ ಪಾಚಿಗಿಂತ ಇದೇ ಆ ಘಟ್ಟದ ಹಳಿಯ ಶಿರಿಬಾಗಿಲಿನ ಕಾಡಿಗೆ ಹತ್ತಿರ ಕಾಣುತ್ತದೆ.

ಮಣ್ಣು ಬೇಕೇ ಬೇಕು ಅನ್ನುವವರು ಹಳೆ ಕಾವಲಿಯಲ್ಲಿ ಅರ್ಧ ಗಂಟೆ ಚೆನ್ನಾಗಿ ಹುರಿಯಿರಿ. ತಣಿದ ಮೇಲೆ ಚಹಾ ಸೋಸುವ ಜರಡಿಯಲ್ಲಿ, ಆಮೇಲೆ ತೆಳು ಬಟ್ಟೆಯಲ್ಲಿ ಶೋಧಿಸಿ. ಪ್ಲಾಸ್ಟಿಕ್ ಸುತ್ತಿದ ಅಯಸ್ಕಾಂತವನ್ನು ಅದರ ಮೇಲೆ ಓಡಿಸಿ, ಒಂದು ಸಲ ಅಲ್ಲ, ಏನೂ ಅಂಟದಿರುವವರೆಗೆ. ನಮ್ಮ ಕೆಂಪು ಮಣ್ಣಿನಲ್ಲೂ ಕಪ್ಪು ಕಾಳು ಸಿಕ್ಕಿತು. ಸಮುದ್ರದ ಮರಳನ್ನು ತರಲೇಬೇಡಿ, ಕಬ್ಬಿಣದ ಜೊತೆಗೆ ಉಪ್ಪೂ ಇರುತ್ತದೆ, ಹಳಿ ಕೆಡುತ್ತದೆ.

ಥರ್ಮೋಕೋಲಿಗೆ ನೀರಿನಲ್ಲಿ ಕಲಸುವ ಬಿಳಿ ಅಂಟು, ನೀರಿನ ಬಣ್ಣ, ಇವೆರಡೇ. ಗೊತ್ತಿಲ್ಲದ ಅಂಟಾದರೆ ಒಂದು ಚೂರಿಗೆ ಹಚ್ಚಿ ಒಂದು ರಾತ್ರಿ ಇಟ್ಟು ನೋಡಿ. ಜಲ್ಲಿಗೆ ಫೆವಿಕಾಲ್ ಒಂದು ಪಾಲು, ನೀರು ಒಂದು ಪಾಲು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ. ಪಾಯಿಂಟಿನ ಅಲ್ಲಾಡುವ ಭಾಗದ ಹತ್ತಿರ ಅಂಟು ಬಿಡಬೇಡಿ. ಅಂಟು ಹಾಕುವ ಮುಂಚೆ ಒಂದು ವಾರ ಬರೀ ಹಳಿಯ ಮೇಲೆ ನಿಮ್ಮ ಅತಿ ಉದ್ದದ ಬೋಗಿಯನ್ನು ಓಡಿಸಿ, ಬೋಗಿಗೆ ಪೆನ್ಸಿಲ್ ಕಟ್ಟಿ ತಿರುವಿನಲ್ಲಿ ಅದು ಎಷ್ಟು ಹೊರಗೆ ಬರುತ್ತದೆ ಅಂತ ಗುರುತು ಮಾಡಿಕೊಳ್ಳಿ.

ಪಿಒಪಿ ಹಾಕಿದ ಮೇಲೆ ಜನವರಿಯ ಬಿಸಿಲಿನಲ್ಲಿ ಹನ್ನೆರಡು ದಿನ ಅಂಗಳದಲ್ಲಿ ಇಟ್ಟೆವು. ಬೆಟ್ಟ ಈಗ ಹಲಗೆಗೆ ಅಂಟಿಲ್ಲ, ಮುಚ್ಚಳದ ಹಾಗೆ ಎತ್ತಬಹುದು. ತೂಕ ಮೂರು ಕಿಲೋ. ಹಿಂಬದಿ ಪೂರ್ತಿ ತೆರೆದಿದೆ, ಗೋಡೆಗೂ ಹಲಗೆಗೂ ನಡುವೆ ಒಂದು ಅಡಿ ಗಾಳಿ ಆಡುತ್ತದೆ. ಮಗಳು ಇಲ್ಲಿಯವರೆಗೆ 63 ಮರ ಮಾಡಿದ್ದಾಳೆ.

ನಿಮ್ಮ ಮನೆಯಲ್ಲಿ ಈಗಾಗಲೇ ಪಾಚಿ ಅಂಟಿಸಿದ ಬೆಟ್ಟ ಇದ್ದರೆ, ಇವತ್ತೇ ಮಾಸ್ಕ್ ಹಾಕಿಕೊಂಡು ಟಾರ್ಚ್ ಹಿಡಿದು ಸುರಂಗದ ಒಳಗೆ ನೋಡಿ. ಹಲಗೆಯ ಅಡಿಗೆ ಅಂಗೈ ಇಟ್ಟು ನೋಡಿ. ತಣ್ಣಗೆ ಒದ್ದೆ ಅನಿಸಿದರೆ ಮಕ್ಕಳನ್ನು ಕೋಣೆಯಿಂದ ಹೊರಗೆ ಕಳಿಸಿ, ಆಮೇಲೆ ಒಡೆಯಿರಿ.